ಜೋಲ್ತಾನ್ ಕೊಚಿಷ್: ಬಾರ್ತೋಕನ ರೆಕಾರ್ಡುಗಳಿಗೆ ಕಿವಿಗೊಟ್ಟ ಪಿಯಾನೊ ವಾದಕ

ಪಾಶ್ಚಾತ್ಯ ಸಂಗೀತಗಾರರನ್ನು ಪರಿಚಯಿಸುವಾಗ ‘ಶಾಸ್ತ್ರೀಯ ಮತ್ತು ಸಮಕಾಲೀನ ಸಂಗೀತವನ್ನು ಬೆಸೆದವರು’ ಎಂಬ ಸಾಲು ಸಲೀಸಾಗಿ ಬಂದುಬಿಡುತ್ತದೆ. ಓದಿದವರ ಮನಸ್ಸಿಗೆ ಬರುವುದು ಬೇತೋವನ್ ಜೊತೆ ಡ್ರಮ್ಸ್ ಸೇರಿಸಿದ ಫ್ಯೂಷನ್ ಕಛೇರಿ. ಹಂಗರಿಯ ಪಿಯಾನೊ ವಾದಕ ಜೋಲ್ತಾನ್ ಕೊಚಿಷ್ (1952–2016) ಆ ಬಗೆಯ ಕೆಲಸಕ್ಕೆ ಕೈಹಾಕಿದವರಲ್ಲ. ಬಾಖ್, ಡೆಬ್ಯುಸಿಯಂಥ ಹಿಂದಿನ ರಚನಕಾರರ ಪುಟಗಳನ್ನು ಯಾವ ಅನುಮಾನ, ಯಾವ ಕುತೂಹಲದಿಂದ ಓದುತ್ತಿದ್ದರೋ, ಅದೇ ಕಣ್ಣಿನಿಂದ ತಮ್ಮ ಕಾಲದ ಸಂಗೀತಕಾರರು ಆಗಷ್ಟೇ ಬರೆದು ಮುಗಿಸಿದ ಹಾಳೆಗಳನ್ನೂ ಓದಿದರು. ಅವರ ಸಾಧನೆ ಈ ಓದಿನ ರೀತಿಯಲ್ಲಿದೆ. ಅದು ಎಲ್ಲಿಂದ ಬಂತು, ಹೇಗೆ ಕೆಲಸ ಮಾಡುತ್ತದೆ ಎಂಬುದು ತಿಳಿದರೆ, ಇಪ್ಪತ್ತನೇ ಶತಮಾನದ ‘ಕಷ್ಟದ’ ಸಂಗೀತ ಎಂದು ನಾವು ದೂರವಿಡುವ ಬಹಳಷ್ಟು ಕೃತಿಗಳ ಬಾಗಿಲು ತೆರೆದುಕೊಳ್ಳುತ್ತದೆ.

ಕೊಚಿಷ್ ಹುಟ್ಟಿದ್ದು 1952ರ ಮೇ 30ರಂದು, ಬುಡಾಪೆಸ್ಟ್‌ನಲ್ಲಿ. 1970ರಲ್ಲಿ, ಹದಿನೆಂಟರ ಹರೆಯದಲ್ಲಿ, ಹಂಗರಿಯ ರೇಡಿಯೊ ನಡೆಸಿದ ಬೇತೋವನ್ ಸ್ಪರ್ಧೆಯಲ್ಲಿ ಗೆದ್ದರು. ಓದಿದ್ದು ಲಿಸ್ಟ್ ಸಂಗೀತ ಅಕಾಡೆಮಿಯಲ್ಲಿ. ಗುರುಗಳು ಪಾಲ್ ಕದೋಶಾ, ಫೆರೆಂತ್ಸ್ ರಾದೋಷ್ ಮತ್ತು ಗ್ಯೋರ್ಗಿ ಕುರ್ತಾಗ್. ಅದೇ ವಯಸ್ಸಿನ ಅಂದ್ರಾಷ್ ಶಿಫ್, ದೆಜೋ ರಾಂಕಿ ಕೂಡ ಅದೇ ಹೊತ್ತಿಗೆ ಅಲ್ಲಿ ಕಲಿಯುತ್ತಿದ್ದರು. ಹಂಗರಿಯವರು ಈ ಮೂವರನ್ನೂ ಒಂದೇ ಉಸಿರಿನಲ್ಲಿ ಹೆಸರಿಸುತ್ತಾರೆ. ಮುಂದೆ ಮೂವರೂ ಹಿಡಿದದ್ದು ಬೇರೆ ಬೇರೆ ದಾರಿ.

ಆ ಅಕಾಡೆಮಿಯ ಬಗ್ಗೆ ಸ್ವಲ್ಪ ಹೇಳಲೇಬೇಕು. 1875ರಲ್ಲಿ ಶುರುವಾದ ಸಂಸ್ಥೆ. ಮೊದಲ ಅಧ್ಯಕ್ಷ ಫ್ರಾಂತ್ಸ್ ಲಿಸ್ಟ್. ಲಿಸ್ಟ್‌ನ ಶಿಷ್ಯ ಇಷ್ತ್ವಾನ್ ತೊಮಾನ್, ತೊಮಾನ್‌ನ ಶಿಷ್ಯ ಬೇಲಾ ಬಾರ್ತೋಕ್. ಬಾರ್ತೋಕ್ 1907ರಿಂದ 1934ರವರೆಗೆ ಅಲ್ಲಿ ಮೇಷ್ಟರಾಗಿದ್ದದ್ದು ಪಿಯಾನೊ ವಿಭಾಗದಲ್ಲಿ. ಆಧುನಿಕ ಸಂಗೀತದ ದೊಡ್ಡ ಹೆಸರುಗಳಲ್ಲಿ ಒಂದಾದ ಈತ ಅಲ್ಲಿ ಸಂಗೀತ ರಚನೆಯನ್ನು ಕಲಿಸಲಿಲ್ಲ. ಮಕ್ಕಳಿಗೆ ಬಾಖ್, ಸ್ಕಾರ್ಲಾಟಿ, ಬೇತೋವನ್ ನುಡಿಸುವುದು ಹೇಗೆಂದು ಹೇಳಿಕೊಟ್ಟರು. ಬಾಖ್‌ನ 48 ಪ್ರೆಲ್ಯೂಡ್ (ಪೀಠಿಕೆಯಂಥ ತುಣುಕು) ಮತ್ತು ಫ್ಯೂಗ್‌ಗಳನ್ನು (ಒಂದೇ ರಾಗವನ್ನು ಹಲವು ದನಿಗಳು ಒಂದರ ಹಿಂದೊಂದು ಎತ್ತಿಕೊಳ್ಳುವ ರಚನೆ) ಸುಲಭದಿಂದ ಕಷ್ಟಕ್ಕೆ ಹೋಗುವ ಕ್ರಮದಲ್ಲಿ ಜೋಡಿಸಿ, ಬೆರಳುಗಳ ಸೂಚನೆ ಬರೆದು ಅಚ್ಚುಮಾಡಿಸಿದರು. ಅದೇ ವರ್ಷಗಳಲ್ಲಿ ಜನಪದ ಹಾಡುಗಳನ್ನು ಹಿಡಿದಿಡಲು ಫೋನೋಗ್ರಾಫ್ ಎಂಬ ದನಿ ಮುದ್ರಿಸುವ ಯಂತ್ರ ಹೊತ್ತುಕೊಂಡು ಹಳ್ಳಿಗಳನ್ನೂ ಸುತ್ತುತ್ತಿದ್ದರು. ಈ ಎರಡು ಕೆಲಸಗಳು ಒಬ್ಬನೇ ಮನುಷ್ಯನ ದಿನಚರಿಯಲ್ಲಿ ಕೂಡಿದ್ದರಿಂದಲೇ ಹಂಗರಿಯಲ್ಲಿ ಹಳತು ಮತ್ತು ಹೊಸತರ ನಡುವಿನ ಗೋಡೆ ಬೇರೆಡೆಗಿಂತ ತೆಳುವಾಗಿತ್ತು ಎಂದು ನನ್ನ ನಂಬಿಕೆ.

ಮೇಣದ ಸಿಲಿಂಡರ್‌ನಿಂದ ಸ್ವರಲಿಪಿಗೆ

1904ರಲ್ಲಿ ಲಿದಿ ದೋಶಾ ಎಂಬ ಟ್ರಾನ್ಸಿಲ್ವೇನಿಯಾದ ಯುವತಿ, ಮಗುವನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದವಳು, ಹಾಡಿಕೊಳ್ಳುತ್ತಿದ್ದುದು ಬಾರ್ತೋಕ್ ಕಿವಿಗೆ ಬಿತ್ತು. ನಗರದ ಕೆಫೆಗಳಲ್ಲಿ ‘ಹಂಗರಿಯ ಸಂಗೀತ’ ಎಂದು ನುಡಿಸುತ್ತಿದ್ದುದಕ್ಕೂ ಈ ಹಾಡಿಗೂ ಸಂಬಂಧವೇ ಇರಲಿಲ್ಲ. ಮುಂದೆ ಗೆಳೆಯ ಜೋಲ್ತಾನ್ ಕೊದಾಯ್ ಜೊತೆ ಸೇರಿ ಹಾಡುಗಳ ಸಂಗ್ರಹಕ್ಕೆ ಇಳಿದರು. ಹಾಡುವವರ ಮುಂದೆ ಫೋನೋಗ್ರಾಫಿನ ತುತ್ತೂರಿ. ದನಿ ಮೇಣದ ಸಿಲಿಂಡರ್ ಮೇಲೆ ಕೊರೆದುಕೊಳ್ಳುತ್ತದೆ. ಊರಿಗೆ ಮರಳಿ ಅದನ್ನು ಮತ್ತೆ ಮತ್ತೆ ಕೇಳಿ ಸ್ವರಲಿಪಿಗೆ ಇಳಿಸಬೇಕು.

ಕಷ್ಟ ಎದುರಾದದ್ದು ಇಲ್ಲಿಯೇ. ಹಳ್ಳಿಯ ಹಾಡುಗಳಲ್ಲಿ ಬಾರ್ತೋಕ್ ಎರಡು ಜಾತಿ ಗುರುತಿಸಿದರು. ಒಂದು, ಕುಣಿತಕ್ಕೆ ತಕ್ಕಂತೆ ಬಿಗಿಯಾದ ಲಯದಲ್ಲಿ ಸಾಗುವುದು. ಇನ್ನೊಂದು, ಮಾತಿನ ಓಘದಲ್ಲಿ ಸಾಗುವುದು. ಇದಕ್ಕೆ ‘ಪರ್ಲಾಂಡೊ-ರುಬಾತೊ’ ಎನ್ನುತ್ತಾರೆ. ಈ ಎರಡನೆಯದರಲ್ಲಿ ತಾಳದ ಎಣಿಕೆ ಇರುವುದಿಲ್ಲ, ಹಾಗೆಂದು ಅದು ಲಗಾಮಿಲ್ಲದ್ದೂ ಅಲ್ಲ. ಪದದ ಯಾವ ಅಕ್ಷರ ಉದ್ದ, ಯಾವುದು ಗಿಡ್ಡ, ಸಾಲಿನ ಕೊನೆಯಲ್ಲಿ ಉಸಿರು ಎಲ್ಲಿ ನಿಲ್ಲಬೇಕು ಎಂಬುದರ ಮೇಲೆ ಸ್ವರದ ಅಳತೆ ನಿಲ್ಲುತ್ತದೆ. ನಮ್ಮಲ್ಲಿ ದೇವರನಾಮಕ್ಕೆ ಮುಂಚೆ ಹಾಡುವ ಉಗಾಭೋಗವನ್ನು ನೆನೆದರೆ ವಿಷಯ ತಟ್ಟನೆ ಹೊಳೆಯುತ್ತದೆ: ತಾಳ ಹಾಕಲು ಹೋದರೆ ಕೈ ನಿಲ್ಲುವುದಿಲ್ಲ, ಆದರೂ ಹಾಡಿನ ನಡಿಗೆ ತಪ್ಪಿದರೆ ಕೇಳುವವರಿಗೆ ಗೊತ್ತಾಗುತ್ತದೆ. ಹಂಗರಿಯ ಭಾಷೆಯಲ್ಲಿ ಪದದ ಒತ್ತು ಯಾವಾಗಲೂ ಮೊದಲ ಅಕ್ಷರದ ಮೇಲೆ. ಹೀಗಾಗಿ ಆ ಸಂಗೀತದಲ್ಲಿ ಚುಟುಕು ಸ್ವರವನ್ನು ಮೊದಲು ಕುಟ್ಟಿ ಮುಂದಿನದನ್ನು ಎಳೆಯುವ ಒಂದು ವಿಶಿಷ್ಟ ನಡೆ ಹುಟ್ಟಿದೆ. ಬಾರ್ತೋಕ್ ಬರೆದ ಪಿಯಾನೊ ಸಂಗೀತದ ತುಂಬ ಆ ನಡೆ ಕೇಳಿಸುತ್ತದೆ.

ಪಾಶ್ಚಾತ್ಯ ಸ್ವರಲಿಪಿಯಾದರೋ ಅರ್ಧ, ಕಾಲು, ಅರೆಕಾಲು ಎಂದು ಕಾಲವನ್ನು ಭಾಗಿಸುವ ಲಿಪಿ. ಮಾತಿನ ಓಘ ಅದರೊಳಗೆ ಪೂರ್ತಿ ಹಿಡಿಸುವುದಿಲ್ಲ. ಬಾರ್ತೋಕ್ ಆದಷ್ಟು ನಿಖರವಾಗಿ ಬರೆಯಲು ಹೆಣಗಿದರು. ವೇಗ ಎಷ್ಟಿರಬೇಕೆಂದು ಮೆಟ್ರೊನೋಮ್ ಸಂಖ್ಯೆ ಕೊಟ್ಟರು; ಎಷ್ಟೋ ಕೃತಿಗಳ ಕೊನೆಯಲ್ಲಿ ಇಷ್ಟು ನಿಮಿಷ, ಇಷ್ಟು ಸೆಕೆಂಡ್ ಎಂದೂ ಬರೆದರು. ಇಷ್ಟಾದರೂ ತಾವೇ ಪಿಯಾನೊ ಮುಂದೆ ಕುಳಿತಾಗ ತಾವು ಬರೆದದ್ದನ್ನು ಅಕ್ಷರಶಃ ನುಡಿಸುತ್ತಿರಲಿಲ್ಲ. ಅದೃಷ್ಟಕ್ಕೆ ಅವರ ನುಡಿಸಾಣಿಕೆಯ ಧ್ವನಿಮುದ್ರಿಕೆಗಳು ಉಳಿದಿವೆ.

ಒಂದು ಉದಾಹರಣೆ ಸಾಕು. 1908ರಲ್ಲಿ ಬರೆದ ‘ಟ್ರಾನ್ಸಿಲ್ವೇನಿಯಾದಲ್ಲಿ ಸಂಜೆ’ ಎಂಬ ಪುಟ್ಟ ಕೃತಿ ಇದೆ. ಪಿಯಾನೊ ಕಲಿಯುವ ಮಕ್ಕಳೂ ನುಡಿಸುವಂಥದ್ದು. ಎರಡು ರಾಗಗಳು ಸರದಿಯಂತೆ ಬರುತ್ತವೆ. ಮೊದಲನೆಯದು ನಿಧಾನ, ಮಾತಿನ ಓಘದ್ದು. ಅದರ ಐದು ಸ್ವರಗಳನ್ನು ಷಡ್ಜದಿಂದ ಎಣಿಸಿದರೆ ನಮ್ಮ ಶುದ್ಧ ಧನ್ಯಾಸಿಯ ಸ್ವರಗಳೇ. ಎರಡನೆಯದು ಚುರುಕು, ಕುಣಿತದ್ದು. ಎರಡೂ ಜನಪದ ಹಾಡುಗಳಲ್ಲ, ಆ ಧಾಟಿಯಲ್ಲಿ ಬಾರ್ತೋಕ್ ಕಟ್ಟಿದವು. ಅಚ್ಚಾದ ಪುಟದಲ್ಲಿ ಮೊದಲ ರಾಗದ ಸ್ವರಗಳು ಅಚ್ಚುಕಟ್ಟಾಗಿ, ಸಮವಾಗಿ ಸಾಲುಗಟ್ಟಿವೆ. ಬಾರ್ತೋಕ್ ನುಡಿಸಿದಾಗ ಅವೇ ಸ್ವರಗಳು ಸಮ ಇಲ್ಲ: ಕೆಲವನ್ನು ಅವಸರದಲ್ಲಿ ಮುಗಿಸುತ್ತಾರೆ, ಕೆಲವನ್ನು ಬರೆದದ್ದಕ್ಕಿಂತ ಬಹಳ ಹೊತ್ತು ಹಿಡಿಯುತ್ತಾರೆ. ಯಾರೋ ಹೆಂಗಸು ಹಾಡುತ್ತಿದ್ದಾಳೆ, ಪದಗಳು ಮಾತ್ರ ಕೇಳಿಸುತ್ತಿಲ್ಲ ಎನ್ನಿಸುತ್ತದೆ. ಕುಣಿತದ ಭಾಗ ಬಂದ ಕೂಡಲೇ ಲಯ ಸರಕ್ಕನೆ ಬಿಗಿಯುತ್ತದೆ.

ರೆಕಾರ್ಡಿನಿಂದ ಬೆರಳಿಗೆ

ಕೊಚಿಷ್ ಅವರ ಬದುಕಿನ ನಡುಗಂಬ ಇಲ್ಲಿದೆ. 1981 ಬಾರ್ತೋಕ್‌ನ ಜನ್ಮಶತಮಾನೋತ್ಸವದ ವರ್ಷ. ಬಾರ್ತೋಕ್ ನುಡಿಸಿದ ಪಿಯಾನೊ ರೆಕಾರ್ಡುಗಳನ್ನೆಲ್ಲ ಒಟ್ಟುಮಾಡಿ ಹಂಗರೊಟಾನ್ ಕಂಪನಿ ಆ ವರ್ಷ ಹೊರತಂದಿತು. ಸಂಪಾದಕರಲ್ಲಿ ಒಬ್ಬರು ಬಾರ್ತೋಕ್ ವಿದ್ವಾಂಸ ಲಾಸ್ಲೊ ಶೊಮ್‌ಫಾಯಿ, ಇನ್ನೊಬ್ಬರು ಇನ್ನೂ ಮೂವತ್ತು ತುಂಬದ ಕೊಚಿಷ್. ಜಗತ್ತಿನ ವೇದಿಕೆಗಳಲ್ಲಿ ಕಛೇರಿ ಕೊಡುತ್ತಿದ್ದ ಯುವ ಕಲಾವಿದ ಕರಕರ ಸದ್ದಿನ ಹಳೆಯ ರೆಕಾರ್ಡುಗಳನ್ನು ಹೀಗೆ ಪಟ್ಟುಹಿಡಿದು ಕೇಳುತ್ತ ಕೂರುವುದು ಅಪರೂಪ. ಬಾರ್ತೋಕ್ ಹಳ್ಳಿಯವರ ದನಿಯನ್ನು ಯಂತ್ರದಿಂದ ಕೇಳಿ ಕಾಗದಕ್ಕೆ ಇಳಿಸಿದ್ದರು. ಕೊಚಿಷ್ ಅದೇ ದಾರಿಯಲ್ಲಿ ಹಿಮ್ಮುಖವಾಗಿ ನಡೆದರು: ಬಾರ್ತೋಕ್‌ನ ದನಿಯನ್ನು ಯಂತ್ರದಿಂದ ಕೇಳಿ, ಕಾಗದದಲ್ಲಿ ಬಿಟ್ಟುಹೋದದ್ದೇನು ಎಂದು ಹುಡುಕಿದರು.

ಸಿಕ್ಕಿದ್ದೇನು? ಬಾರ್ತೋಕ್ ಎಂದರೆ ಪಿಯಾನೊವನ್ನು ಸುತ್ತಿಗೆಯಂತೆ ಬಡಿಯುವುದು ಎಂಬ ಕಲ್ಪನೆ ಆ ಹೊತ್ತಿಗೆ ಗಟ್ಟಿಯಾಗಿ ಬೇರೂರಿತ್ತು. 1911ರ ‘ಅಲೆಗ್ರೊ ಬಾರ್ಬರೊ’ದ ಹೆಸರೇ ಅದಕ್ಕೆ ಇಂಬು ಕೊಡುವಂತಿದೆ. ರೆಕಾರ್ಡುಗಳಲ್ಲಿ ಕೇಳುವ ಬಾರ್ತೋಕ್ ಬೇರೆಯೇ ಮನುಷ್ಯ. ಸ್ಪರ್ಶ ಹಗುರ, ಲಯ ಸ್ಥಿತಿಸ್ಥಾಪಕ, ಕರ್ಕಶ ಎನಿಸಬಹುದಾದ ಕಡೆಯೂ ಒಂದು ಹಾಡಿನ ಎಳೆ. ಅಮೆರಿಕದಲ್ಲಿ 1940ರ ಏಪ್ರಿಲ್ 13ರಂದು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಪಿಟೀಲು ವಾದಕ ಜೋಸೆಫ್ ಸಿಗೆತಿ ಜೊತೆ ಬಾರ್ತೋಕ್ ಕೊಟ್ಟ ಕಛೇರಿಯ ಮುದ್ರಿಕೆ ಉಳಿದಿದೆ. ಅದರಲ್ಲಿ ಬೇತೋವನ್‌ನ ‘ಕ್ರೂಟ್ಸರ್’ ಸೊನಾಟಾ (ಹಲವು ಭಾಗಗಳ ವಾದ್ಯಕೃತಿ), ಡೆಬ್ಯುಸಿಯ ಸೊನಾಟಾ, ಬಾರ್ತೋಕ್‌ನದೇ ಎರಡು ಕೃತಿ. ಸುಮಾರು ನೂರಿಪ್ಪತ್ತೈದು ವರ್ಷಗಳ ಅಂತರದ ಸಂಗೀತ ಒಂದೇ ಸಂಜೆಯಲ್ಲಿ, ಒಂದೇ ಕೈಯಿಂದ. ಬೇತೋವನ್ ಕೂಡ ಅಲ್ಲಿ ಮಾತಾಡುವ ಹಾಗೆ ಕೇಳುತ್ತಾನೆ.

ಈ ಪಾಠ ಕಲಿತ ಮೇಲೆ ಕೊಚಿಷ್ ಬಾರ್ತೋಕ್‌ನ ಒಂಟಿ ಪಿಯಾನೊ ಕೃತಿಗಳನ್ನೆಲ್ಲ ಫಿಲಿಪ್ಸ್ ಕಂಪನಿಗಾಗಿ ನುಡಿಸಿದರು. ಸಂಪೂರ್ಣ ಸಂಗ್ರಹ 8 ಸಿ.ಡಿ.ಗಳಷ್ಟಿದೆ. ಬಾರ್ತೋಕ್‌ನ ನಕಲು ಮಾಡಿದ್ದಾರೆ ಎನ್ನುವಂತಿಲ್ಲ. ಅವರ ಬೆರಳು ಇನ್ನಷ್ಟು ಚುರುಕು, ಸ್ವರ ಇನ್ನಷ್ಟು ಹೊಳಪು. ನಾಲ್ಕು ಬಾರಿ ಕೇಳಿದರೂ ಪುಟದಲ್ಲಿ ತಾಳ ಭಾಗಿಸುವ ಗೀಟುಗಳು ಎಲ್ಲಿವೆ ಎಂದು ಗೊತ್ತಾಗದಂತೆ ರಾಗ ಹರಿಯುತ್ತದೆ. ಇದನ್ನು ಮೀರಿಸುವ ಬಾರ್ತೋಕ್ ಸಂಗ್ರಹ ನನಗೆ ತಿಳಿದಂತೆ ಇನ್ನೂ ಬಂದಿಲ್ಲ.

ಅದರಲ್ಲಿ ‘ರಾತ್ರಿಯ ಸಂಗೀತ’ವನ್ನು ಹತ್ತಿರದಿಂದ ಕೇಳಬೇಕು. 1926ರಲ್ಲಿ ಬರೆದ ‘ಬಯಲಿನಲ್ಲಿ’ ಎಂಬ ಐದು ಭಾಗಗಳ ಕೃತಿಯ ನಾಲ್ಕನೆಯದು. ಆರಂಭದಲ್ಲಿ ಎಡಗೈ ಐದು ಒತ್ತೊತ್ತು ಸ್ವರಗಳನ್ನು, ನಡುವೆ ಒಂದೂ ಮನೆ ಬಿಡದೆ, ಚರಕ್ಕೆಂದು ಉರುಳಿಸುತ್ತದೆ. ತುಂಬ ಮೆಲ್ಲಗೆ. ಸ್ವಲ್ಪ ಬಿಟ್ಟು ಮತ್ತೆ. ಪಿಯಾನೊ ಪಾಠದಲ್ಲಿ ಹೀಗೆ ನುಡಿಸಿದರೆ ಅಪಸ್ವರ ಎನ್ನುತ್ತಾರೆ. ಇಲ್ಲಿ ಅದು ಕತ್ತಲೆಯ ಗುಂಯ್‌ಗುಡುವಿಕೆ. ಅದರ ಮೇಲೆ ಬಲಗೈಯಲ್ಲಿ ಒಂದು ಹಕ್ಕಿ, ಒಂದು ಕಪ್ಪೆ, ಯಾವುದೋ ಹುಳು, ಒಂದರ ಸದ್ದಿಗೂ ಇನ್ನೊಂದರ ಸದ್ದಿಗೂ ತಾಳಮೇಳವಿಲ್ಲದೆ. ಆಮೇಲೆ ದೂರದಲ್ಲಿ ಯಾರೋ ಹಾಡಿದಂತೆ ಒಂದು ನಿಧಾನದ ರಾಗ, ಅದಾದ ಮೇಲೆ ಹಳ್ಳಿಗನ ಕೊಳಲಿನ ಕುಣಿತ. ಕೊನೆಗೆ ಎಲ್ಲವೂ ಒಂದರ ಮೇಲೊಂದು. ಸಾಮಾನ್ಯ ವಾದಕರು ಇದನ್ನು ಚಿತ್ರ ಬಿಡಿಸಿದಂತೆ ನುಡಿಸುತ್ತಾರೆ. ಕೊಚಿಷ್ ಪ್ರತಿ ಸದ್ದಿಗೂ ಅದರದ್ದೇ ಕಾಲ, ಅದರದ್ದೇ ದೂರ ಕೊಡುತ್ತಾರೆ. ಕಪ್ಪೆ ಹತ್ತಿರ, ಹಾಡು ದೂರ. ಒಂದೇ ವಾದ್ಯದಿಂದ ಆಳ ಅಗಲಗಳು ಹುಟ್ಟುವ ಈ ಬಗೆ ಡೆಬ್ಯುಸಿಯಿಂದ ಬಂದದ್ದು. 1907ರಲ್ಲಿ ಕೊದಾಯ್ ಪ್ಯಾರಿಸ್‌ನಿಂದ ಡೆಬ್ಯುಸಿಯ ಸಂಗೀತವನ್ನು ತಂದಾಗ ಬಾರ್ತೋಕ್‌ಗೆ ಆಶ್ಚರ್ಯವೆನಿಸಿದ್ದು ಅದರಲ್ಲೂ ಐದು ಸ್ವರಗಳ ರಾಗಗಳು ಸಿಕ್ಕಿದ್ದು. ಕೊಚಿಷ್ ಅವರು ಡೆಬ್ಯುಸಿಯನ್ನು ಅಷ್ಟೊಂದು ನುಡಿಸಿದ್ದು ಹೀಗಾಗಿ ಸಹಜವೇ. ಅದು ಒಂದೇ ಮನೆತನದ ಇನ್ನೊಂದು ಕವಲು.

ರಚನಕಾರನೇ ನುಡಿಸಿದ ರೆಕಾರ್ಡನ್ನು ಸಾಕ್ಷಿಯಾಗಿ ಓದುವ ಈ ಪದ್ಧತಿಯನ್ನು ಅವರು ರಷ್ಯದ ರಚನಕಾರ ರಖ್ಮಾನಿನೋವ್‌ಗೂ ಅನ್ವಯಿಸಿದರು. ರಖ್ಮಾನಿನೋವ್ ತನ್ನ ನಾಲ್ಕೂ ಪಿಯಾನೊ ಕನ್ಸರ್ಟೊಗಳನ್ನು (ಪಿಯಾನೊ ಮತ್ತು ವಾದ್ಯವೃಂದದ ಕೃತಿ) ತಾನೇ ನುಡಿಸಿ ರೆಕಾರ್ಡ್ ಮಾಡಿದ್ದಾನೆ, ಕಣ್ಣೀರು ಸುರಿಸದೆ, ವೇಗವಾಗಿ. ಸಾನ್‌ಫ್ರಾನ್ಸಿಸ್ಕೊ ವಾದ್ಯವೃಂದದೊಡನೆ, ಎಡೊ ದ ವಾರ್ಟ್ ನಿರ್ದೇಶನದಲ್ಲಿ ಕೊಚಿಷ್ ನುಡಿಸಿದ ಆವೃತ್ತಿಗಳೂ ಹಾಗೆಯೇ. ಮೂರನೆಯ ಕನ್ಸರ್ಟೊದ ಕೆಲವೆಡೆ ಈ ವೇಗದಲ್ಲಿ ಉಸಿರಾಡಲು ಜಾಗ ಕಡಿಮೆಯಾಯಿತು ಎಂದು ನನಗೆ ಅನ್ನಿಸುತ್ತದೆ. ಸಿಹಿ ಬಳಿದುಕೊಂಡ ರಖ್ಮಾನಿನೋವ್‌ಗಿಂತ ಅದು ಎಷ್ಟೋ ವಾಸಿ.

ಸಹಿಸಿಕೊಂಡ ಸಂಗೀತ

ಇದಿಷ್ಟು ಅವರ ಒಂದು ಮುಖ. 1970ರಲ್ಲಿ, ಬೇತೋವನ್ ಸ್ಪರ್ಧೆ ಗೆದ್ದ ಅದೇ ವರ್ಷ, ಬುಡಾಪೆಸ್ಟ್‌ನಲ್ಲಿ ‘ನವ ಸಂಗೀತ ಸ್ಟುಡಿಯೊ’ ಎಂಬ ಗುಂಪು ಹುಟ್ಟಿತು. ಜೋಲ್ತಾನ್ ಯೆನೆಯ್, ಲಾಸ್ಲೊ ಶಾರಿ, ಲಾಸ್ಲೊ ವಿಡೋವ್‌ಸ್ಕಿ, ಪೇತರ್ ಯೋತ್ವೋಷ್, ಹಿರಿಯರಾಗಿ ಆಲ್ಬರ್ಟ್ ಶಿಮೊನ್, ಇವರೊಂದಿಗೆ ಕೊಚಿಷ್.

ಆಗಿನ ಹಂಗರಿ ಕಮ್ಯುನಿಸ್ಟ್ ಆಡಳಿತದ ದೇಶ. ಕಲೆಯ ಉಸ್ತುವಾರಿ ಗ್ಯೋರ್ಗಿ ಅತ್ಸೇಲ್ ಅವರದ್ದು. ಕಲಾಕೃತಿಗಳನ್ನು ಮೂರು ಗೂಡುಗಳಿಗೆ ಹಾಕುತ್ತಿದ್ದರು: ಪೋಷಿಸಬೇಕಾದದ್ದು, ಸಹಿಸಬಹುದಾದದ್ದು, ನಿಷೇಧಿಸಬೇಕಾದದ್ದು. ಸ್ಟುಡಿಯೊದ ಸಂಗೀತ ನಡುವಿನ ಗೂಡಿನದ್ದು. ವಿಚಿತ್ರವೆಂದರೆ ಅದಕ್ಕೆ ಸೂರು ಕೊಟ್ಟದ್ದು ಕಮ್ಯುನಿಸ್ಟ್ ಯುವ ಸಂಘದ ಕಲಾತಂಡ. ಪ್ರತಿಭಟನೆಯ ಹಾಡುಗಳನ್ನು ಬರೆಯದೆ, ಸದ್ದು, ಮೌನ, ಆಕಸ್ಮಿಕಗಳ ಬಗ್ಗೆ ಪ್ರಯೋಗ ಮಾಡುತ್ತಿದ್ದ ಈ ಯುವಕರಿಗೆ ಆ ಸೂರಿನಡಿ ಬಹಳಷ್ಟು ಸ್ವಾತಂತ್ರ್ಯ ಸಿಕ್ಕಿತು. ಅಮೆರಿಕದ ಪ್ರಯೋಗಶೀಲ ರಚನಕಾರ ಜಾನ್ ಕೇಜ್ ಅವರ ಪ್ರಭಾವ ಗಾಢವಾಗಿತ್ತು. ಹಲವರು ಸೇರಿ ಒಂದೇ ಕೃತಿಯನ್ನು ಬರೆಯುವುದೂ ಇತ್ತು; 1975ರಲ್ಲಿ ಕುರ್ತಾಗ್ ಅವರಿಗೆ ಗೌರವವಾಗಿ ಬರೆದದ್ದು ಅಂಥ ಒಂದು.

ವಿಡೋವ್‌ಸ್ಕಿ 1975ರಲ್ಲಿ ಬರೆದ ‘ಶ್ರೋಡರ್‌ನ ಸಾವು’ ಈ ಗುಂಪಿನ ಮನೋಧರ್ಮವನ್ನು ಚೆನ್ನಾಗಿ ತೋರಿಸುತ್ತದೆ. ಪಿಯಾನೊ ವಾದಕ ಸ್ವರಶ್ರೇಣಿಗಳನ್ನು ಮೇಲೆ ಕೆಳಗೆ ನುಡಿಸುತ್ತ ಹೋಗುತ್ತಾನೆ. ಅದೇ ವೇಳೆ ಸಹಾಯಕರು ಪಿಯಾನೊದ ಹೊಟ್ಟೆಗೆ ಕೈಹಾಕಿ ತಂತಿಗಳ ನಡುವೆ ವಸ್ತುಗಳನ್ನು ತುರುಕುತ್ತಾರೆ. ಒಂದೊಂದಾಗಿ ಸ್ವರಗಳು ಬಣ್ಣ ಬದಲಿಸಿ, ಮಂಕಾಗಿ, ಕೊನೆಗೆ ಕಟ್ಟಿಗೆಯ ಟಕಟಕ ಮಾತ್ರ ಉಳಿಯುತ್ತದೆ. ಬೆರಳುಗಳ ಓಟ ಮೊದಲಿನಿಂದ ಕೊನೆಯವರೆಗೂ ಅದೇ. ಕೇಳಲು ತಮಾಷೆ ಎನಿಸಬಹುದು, ಆದರೆ ಇದರ ಹಿಂದೆ ಗಂಭೀರ ಪ್ರಶ್ನೆ ಇದೆ: ವಾದಕ ಮಾಡುವ ಕೆಲಸ ಮತ್ತು ನಮಗೆ ಕೇಳುವ ಸದ್ದು, ಇವೆರಡರ ನಡುವೆ ಎಷ್ಟು ಅಂತರ? ಹಳೆಯ ರೆಕಾರ್ಡಿನಲ್ಲಿ ಬರೆದದ್ದಕ್ಕೂ ಕೇಳಿದ್ದಕ್ಕೂ ನಡುವಿನ ಸಂದನ್ನು ಹುಡುಕುತ್ತಿದ್ದ ಕೊಚಿಷ್ ಈ ಬಳಗದಲ್ಲಿದ್ದುದು ಕಾಕತಾಳೀಯ ಎನಿಸುವುದಿಲ್ಲ.

ಕುರ್ತಾಗ್ ಎಂಬ ಗುರು

ಗ್ಯೋರ್ಗಿ ಕುರ್ತಾಗ್ 1926ರಲ್ಲಿ ಇಂದಿನ ರೊಮೇನಿಯಾದ ಲುಗೋಜ್‌ನಲ್ಲಿ ಹುಟ್ಟಿದವರು. ತಾವೇ ದೊಡ್ಡ ಸಂಗೀತ ರಚನಕಾರರಾದರೂ ಬಾರ್ತೋಕ್‌ನಂತೆಯೇ ಅಕಾಡೆಮಿಯಲ್ಲಿ ರಚನೆ ಕಲಿಸಲಿಲ್ಲ. ಪಿಯಾನೊ ಮತ್ತು ಚೇಂಬರ್ ಸಂಗೀತದ (ಕೆಲವೇ ವಾದ್ಯಗಳ ಪುಟ್ಟ ಗುಂಪಿನ ಸಂಗೀತ) ಮೇಷ್ಟರಾಗಿದ್ದರು. ಒಂದೆರಡು ಸ್ವರಗಳ ಮೇಲೆ ಗಂಟೆಗಟ್ಟಲೆ ಪಾಠ ಮಾಡುವುದಕ್ಕೆ ಹೆಸರಾದವರು.

1973ರಲ್ಲಿ, ಕೊಚಿಷ್ ಅಕಾಡೆಮಿ ಮುಗಿಸಿದ ವರ್ಷ, ಕುರ್ತಾಗ್ ‘ಆಟಗಳು’ ಎಂಬ ಪಿಯಾನೊ ಸರಣಿ ಬರೆಯಲು ತೊಡಗಿದರು. ಮಕ್ಕಳಿಗಾಗಿ ಶುರುವಾದದ್ದು ಜೀವನಪೂರ್ತಿಯ ಕೆಲಸವಾಯಿತು. ಮೊದಲ ಸಂಪುಟಗಳಲ್ಲಿ ಮಗು ಬೆರಳಿನಿಂದ ಮಾತ್ರ ನುಡಿಸಬೇಕಿಲ್ಲ. ಅಂಗೈ, ಮುಷ್ಟಿ, ಮುಂಗೈಯನ್ನೂ ಬಳಸಬಹುದು. ಚೈಕೋವ್‌ಸ್ಕಿಗೆ ಗೌರವ ಎಂಬ ಒಂದು ತುಣುಕಿನಲ್ಲಿ ಅವನ ಮೊದಲ ಪಿಯಾನೊ ಕನ್ಸರ್ಟೊದ ಪ್ರಸಿದ್ಧ ಆರಂಭದ ಸ್ವರಸಮೂಹಗಳನ್ನು ಅಂಗೈಯಿಂದ ಒತ್ತಬೇಕು. ಒಂದೂ ಸರಿಯಾದ ಸ್ವರವಿಲ್ಲ, ಆದರೆ ಕೇಳಿದ ಕೂಡಲೇ ಚೈಕೋವ್‌ಸ್ಕಿ ಎಂದು ಗೊತ್ತಾಗುತ್ತದೆ. ಸಂಗೀತದ ಹಾವಭಾವವೇ ಮೊದಲು, ಸ್ವರಗಳು ಆಮೇಲೆ ಎಂದು ಮಗುವಿಗೆ ಇದಕ್ಕಿಂತ ಚೆನ್ನಾಗಿ ಹೇಳಿಕೊಡುವುದು ಹೇಗೆ?

ಗುರು-ಶಿಷ್ಯರ ಸಂಬಂಧದ ದೊಡ್ಡ ಫಲ 1988ರಲ್ಲಿ ಬಂತು. ‘ಕ್ವಾಸಿ ಉನಾ ಫಾಂಟಾಸಿಯಾ’ (ಬಹುತೇಕ ಒಂದು ಕಲ್ಪನಾವಿಹಾರ) ಎಂಬ ಪಿಯಾನೊ ಮತ್ತು ವಾದ್ಯವೃಂದದ ಕೃತಿಯನ್ನು ಆ ಅಕ್ಟೋಬರ್‌ನಲ್ಲಿ ಬರ್ಲಿನ್‌ನಲ್ಲಿ ಮೊದಲ ಬಾರಿಗೆ ನುಡಿಸಿದ್ದು ಕೊಚಿಷ್. ವೃಂದ ಅನ್ಸಾಂಬಲ್ ಮಾಡರ್ನ್, ನಿರ್ದೇಶಕ ಸ್ಟುಡಿಯೊದ ಹಳೆಯ ಗೆಳೆಯ ಯೋತ್ವೋಷ್. ಇದಕ್ಕೆ ಕುರ್ತಾಗ್ ಕೊಟ್ಟ ಕೃತಿಸಂಖ್ಯೆ ಓಪಸ್ 27. ಬೇತೋವನ್‌ನ ‘ಮೂನ್‌ಲೈಟ್’ ಸೊನಾಟಾ ಮತ್ತು ಅದರ ಜೋಡಿ ಸೊನಾಟಾದ ಸಂಖ್ಯೆಯೂ ಓಪಸ್ 27, ಅವುಗಳ ಶೀರ್ಷಿಕೆಯಲ್ಲೂ ಇದೇ ಮಾತಿದೆ. ಬೇತೋವನ್‌ನ ಒಂದು ರಾಗವನ್ನೂ ಕುರ್ತಾಗ್ ಎತ್ತಿಕೊಂಡಿಲ್ಲ. ಪಿಯಾನೊ ಕೊಡುವ ಮೊದಲ ಸದ್ದು ಕೆಳಗಿಳಿಯುವ ಸ್ವರಶ್ರೇಣಿ, ಕೇಳಿಯೂ ಕೇಳದಷ್ಟು ಮೆಲ್ಲಗೆ. ಪಿಯಾನೊ ಕಲಿಯುವ ಯಾವ ಮಗುವಾದರೂ ಮೊದಲು ನುಡಿಸುವುದು ಇದನ್ನೇ. ಉಳಿದ ವಾದ್ಯಗಾರರು ವೇದಿಕೆಯ ಮೇಲೆ ಒಟ್ಟಾಗಿ ಕೂರುವುದಿಲ್ಲ, ಸಭಾಂಗಣದ ಸುತ್ತ ಹಂಚಿಹೋಗಿರುತ್ತಾರೆ. ಅವರಲ್ಲಿ ಮೌತ್‌ಆರ್ಗನ್ ಊದುವವರೂ ಇದ್ದಾರೆ. ಕೇಳುಗ ಸದ್ದಿನ ಮಧ್ಯೆ ಕುಳಿತಿರುತ್ತಾನೆ. ನಾಲ್ಕು ಭಾಗ, ಒಟ್ಟು ಹತ್ತು ನಿಮಿಷದ ಆಸುಪಾಸು. ಎರಡನೇ ಭಾಗದಲ್ಲಿ ಜರ್ಮನ್ ರಚನಕಾರ ಶೂಮನ್ ಕನಸಿನ ಕುರಿತು ಬರೆದ ಪಿಯಾನೊ ತುಣುಕೊಂದರ ನೆನಪು ಸುಳಿದುಹೋಗುತ್ತದೆ. ‘ರಾತ್ರಿಯ ಸಂಗೀತ’ದಲ್ಲಿ ದೂರ-ಹತ್ತಿರಗಳನ್ನು ಬೆರಳುಗಳಲ್ಲೇ ಸೃಷ್ಟಿಸಬಲ್ಲ ವಾದಕನಿಗೆ ಇದಕ್ಕಿಂತ ತಕ್ಕ ಕೃತಿ ಸಿಗಲಾರದು.

ಪಿಯಾನೊದಿಂದ ವೃಂದಕ್ಕೆ

1983ರಲ್ಲಿ ಇವಾನ್ ಫಿಶರ್ ಜೊತೆಗೂಡಿ ಕೊಚಿಷ್ ಬುಡಾಪೆಸ್ಟ್ ಫೆಸ್ಟಿವಲ್ ಆರ್ಕೆಸ್ಟ್ರಾ ಕಟ್ಟಿದರು. ಇಂದು ಅದು ಜಗತ್ತಿನ ಹೆಸರಾಂತ ವೃಂದಗಳಲ್ಲಿ ಒಂದು. 1997ರಲ್ಲಿ ಸರ್ಕಾರಿ ವೃಂದದ ಹೊಣೆ ಹೊತ್ತರು. ಅದೇ ಮುಂದೆ ಹಂಗರಿಯ ನ್ಯಾಷನಲ್ ಫಿಲ್‌ಹಾರ್ಮೋನಿಕ್ ಆಯಿತು. ಸಾಯುವ ತನಕ ಅದರ ಸಂಗೀತ ನಿರ್ದೇಶಕರಾಗಿದ್ದರು. ಬಾರ್ತೋಕ್‌ನ ಕೃತಿಗಳನ್ನು ಮತ್ತೆ ಹೊಸದಾಗಿ ಧ್ವನಿಮುದ್ರಿಸುವ ಹಂಗರೊಟಾನ್‌ನ ಸರಣಿಯನ್ನು ಈ ವೃಂದದೊಡನೆ ಕೈಗೆತ್ತಿಕೊಂಡರು.

ಇದರ ಜೊತೆಜೊತೆಗೆ ಸಾಗಿದ್ದು ರೂಪಾಂತರದ, ಅಂದರೆ ಒಂದು ವಾದ್ಯಕ್ಕೆ ಬರೆದದ್ದನ್ನು ಇನ್ನೊಂದಕ್ಕೆ ಹೊಂದಿಸುವ ಕೆಲಸ. ವ್ಯಾಗ್ನರ್‌ನ ‘ಟ್ರಿಸ್ಟಾನ್’ ಒಪೆರಾದ ಪೀಠಿಕೆಯನ್ನು ಪಿಯಾನೊಗೆ ಇಳಿಸಿದರು. ರವೆಲ್ ‘ಕುಪೆರಾನ್‌ನ ಸಮಾಧಿ’ಯ ಆರು ಪಿಯಾನೊ ತುಣುಕುಗಳಲ್ಲಿ ನಾಲ್ಕನ್ನು ಮಾತ್ರ ವೃಂದಕ್ಕೆ ಅಳವಡಿಸಿದ್ದ; ಬಿಟ್ಟಿದ್ದ ಫ್ಯೂಗ್ ಮತ್ತು ಟೊಕಾಟಾಗಳನ್ನು ಕೊಚಿಷ್ ಅಳವಡಿಸಿದರು. ಪಿಯಾನೊ ಕೃತಿಯನ್ನು ವೃಂದಕ್ಕೆ ಅಳವಡಿಸುವುದೆಂದರೆ ಪ್ರತಿ ಸ್ವರಕ್ಕೂ ಇದು ಕೊಳಲೋ, ಕೊಂಬೋ, ಪಿಟೀಲೋ ಎಂದು ತೀರ್ಮಾನಿಸುವುದು. ಅದಕ್ಕೆ ಮೂಲ ರಚನಕಾರನ ಕಿವಿಯೇ ಬೇಕು.

ಎಲ್ಲಕ್ಕಿಂತ ಧೈರ್ಯದ ಕೆಲಸ ಆಸ್ಟ್ರಿಯಾ ಮೂಲದ ರಚನಕಾರ ಶೋನ್‌ಬರ್ಗ್‌ನ ‘ಮೋಸೆಸ್ ಮತ್ತು ಆರೋನ್’ ಒಪೆರಾದ್ದು. ಶೋನ್‌ಬರ್ಗ್ ಎರಡು ಅಂಕಗಳ ಸಂಗೀತವನ್ನು 1932ರ ಹೊತ್ತಿಗೆ ಮುಗಿಸಿದ. ಮೂರನೆಯದಕ್ಕೆ ಮಾತುಗಳಿದ್ದವು, 1951ರಲ್ಲಿ ಸಾಯುವವರೆಗೂ ಸಂಗೀತ ಬರಲಿಲ್ಲ. ವಾರಸುದಾರರ ಅನುಮತಿ ಪಡೆದು ಆ ಅಂಕಕ್ಕೆ ಕೊಚಿಷ್ ಸಂಗೀತ ಬರೆದರು. 2010ರಲ್ಲಿ ಬುಡಾಪೆಸ್ಟ್‌ನಲ್ಲಿ ಅದು ಪ್ರದರ್ಶನಗೊಂಡಿತು. ಅಪೂರ್ಣವನ್ನು ಅಪೂರ್ಣವಾಗಿಯೇ ಬಿಡಬೇಕು ಎನ್ನುವವರ ವಾದದಲ್ಲಿ ಹುರುಳಿದೆ. ಎರಡನೇ ಅಂಕದ ಕೊನೆಯಲ್ಲಿ ಮೋಸೆಸ್ ಮಾತಿಗಾಗಿ ತಡಕಾಡುತ್ತ ಕುಸಿಯುವಲ್ಲೇ ಒಪೆರಾ ನಿಲ್ಲುವುದು ನನಗೂ ಸರಿ ಎನಿಸುತ್ತದೆ. ಆದರೆ ಬಾಳಿಡೀ ಪುಟದಲ್ಲಿ ಇಲ್ಲದ್ದನ್ನು ಕಿವಿಯಿಂದ ತುಂಬಿಕೊಂಡ ಮನುಷ್ಯ ಇಲ್ಲಿಗೆ ಬಂದು ನಿಂತದ್ದು ಸ್ವಾಭಾವಿಕ.

2012ರಲ್ಲಿ ಅವರಿಗೆ ಹೃದಯದ ಶಸ್ತ್ರಚಿಕಿತ್ಸೆಯಾಯಿತು. 2013ರಲ್ಲಿ ಪಿಟೀಲು ವಾದಕ ಬರ್ನಬಾಷ್ ಕೆಲೆಮೆನ್ ಜೊತೆ ನುಡಿಸಿದ ಬಾರ್ತೋಕ್ ಸೊನಾಟಾಗಳಿಗೆ ಗ್ರಾಮೊಫೋನ್ ಪ್ರಶಸ್ತಿ ಬಂತು. 2016ರ ನವೆಂಬರ್ 6ರಂದು, 64ನೇ ವಯಸ್ಸಿನಲ್ಲಿ ತೀರಿಕೊಂಡರು.

ಕೇಳಲು ಆರಂಭಿಸುವವರು ಮೊದಲು ‘ಟ್ರಾನ್ಸಿಲ್ವೇನಿಯಾದಲ್ಲಿ ಸಂಜೆ’ಯನ್ನು ಬಾರ್ತೋಕ್ ನುಡಿಸಿದ್ದು, ಆಮೇಲೆ ಕೊಚಿಷ್ ನುಡಿಸಿದ್ದು, ಹೀಗೆ ಒಂದರ ಹಿಂದೆ ಒಂದು ಕೇಳಬಹುದು; ಎರಡೂ ಸೇರಿ ಐದಾರು ನಿಮಿಷದ ಮಾತು. ಮೂರನೆಯದಾಗಿ ‘ರಾತ್ರಿಯ ಸಂಗೀತ’, ಹೆಡ್‌ಫೋನ್ ಹಾಕಿಕೊಂಡು, ದನಿ ಹೆಚ್ಚಿಸದೆ. ಕುರ್ತಾಗ್‌ಗೆ ಆಮೇಲೆ ಹೋದರೆ ಒಳ್ಳೆಯದು. ಕ್ವಾಸಿ ಉನಾ ಫಾಂಟಾಸಿಯಾದ ಆ ಇಳಿಯುವ ಸ್ವರಗಳು ಮೊದಲ ಸಲಕ್ಕೆ ಏನನ್ನೂ ಹೇಳದಿದ್ದರೆ, ಅದರ ಹಿಂದೆಯೇ ಮೂನ್‌ಲೈಟ್ ಸೊನಾಟಾದ ಮೊದಲ ಭಾಗವನ್ನು ಕೇಳಿ, ಮತ್ತೆ ಕುರ್ತಾಗ್‌ಗೆ ಮರಳಿ.